ಗುಂಡಿ ಡಬ್ಬಿ

ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಒಂದು ಸಾಲಿಗೆ ನಲವತ್ತು ಹೆಂಗಸರು, ನಲವತ್ತು ಮೆಷಿನ್ನು, ಒಂದೇ ಒಂದು ಟೋಕನ್ನು. ಅಂಗೈಯಗಲದ ಮರದ ತುಂಡು, ಕೆಂಪು ಬಣ್ಣ ಬಳಿದದ್ದು. ಸೂಪರ್‌ವೈಸರನ ಮೇಜಿನ ಪಕ್ಕದ ಮೊಳೆಯಲ್ಲಿ ಅದು ನೇತಾಡುತ್ತಿದ್ದರೆ ಮಾತ್ರ ಟಾಯ್ಲೆಟ್ಟಿಗೆ ಹೋಗಬಹುದು. ಇಲ್ಲದಿದ್ದರೆ ತೆಗೆದುಕೊಂಡು ಹೋದವಳು ಬರುವವರೆಗೆ ಹಲ್ಲು ಕಚ್ಚಿಕೊಂಡು ಕೂರಬೇಕು. ಆ ಸೂಪರ್‌ವೈಸರನಿಗೆ ನಾವಿಟ್ಟ ಹೆಸರು ಗಡಿಯಾರ. ಟೋಕನ್ ತೆಗೆದಾಗೊಮ್ಮೆ ವಾಚು ನೋಡುತ್ತಾನೆ, ವಾಪಸ್ ಹಾಕಿದಾಗೊಮ್ಮೆ ನೋಡುತ್ತಾನೆ, "ಏನಮ್ಮಾ, ಒಳಗೇನು ಮನೆ ಕಟ್ಟಿಸ್ತಿದ್ಯಾ?" ಎಂದು ಇಡೀ ಸಾಲಿಗೆ ಕೇಳುವಂತೆ ಅರಚುತ್ತಾನೆ. ಆ ಮಾತು ಕೇಳಿಸಿಕೊಳ್ಳುವುದಕ್ಕಿಂತ ನೀರು ಕುಡಿಯದಿರುವುದೇ ವಾಸಿ ಎಂದು ನಾವೆಲ್ಲ ತೀರ್ಮಾನಿಸಿದ್ದೆವು. ಬೆಳಿಗ್ಗೆ ತುಂಬಿಸಿ ತಂದ ಬಾಟಲಿ ಸಂಜೆ ಹಾಗೇ ಮನೆಗೆ ಹೋಗುತ್ತಿತ್ತು.

ಆಮೇಲೆ ಇನ್ನೇನು, ಉರಿಮೂತ್ರ. ತಿಂಗಳಿಗೆ ಇಬ್ಬರಿಗಾದರೂ ಗ್ಯಾರಂಟಿ. ಡಾಕ್ಟರ ಹತ್ತಿರ ಹೋಗಲು ಅರ್ಧ ದಿನ ರಜೆ ಬೇಕು, ರಜೆಗೆ ಗಡಿಯಾರದ ಮುಂದೆ ಹಲ್ಲು ಗಿಂಜಬೇಕು. ಅದಕ್ಕೇ ನಾನೊಂದು ಉಪಾಯ ಹುಡುಕಿದೆ. ಡಾಕ್ಟರು ಏಳು ದಿನದ ಮಾತ್ರೆ ಕೊಟ್ಟರೆ ಮೂರನೇ ದಿನಕ್ಕೆ ಉರಿ ಹೋಗುತ್ತದಲ್ಲ, ಮಿಕ್ಕದ್ದನ್ನು ನನ್ನ ಮೆಷಿನ್ನಿನ ಕೆಳಗಿರುವ ಹಳೇ ಗುಂಡಿ ಡಬ್ಬಿಗೆ ಹಾಕಬೇಕು. ಮುಂದಿನವಳಿಗೆ ಆಗುತ್ತದೆ. ಬಂದವಳಿಗೆ ಎರಡು ಮಾತ್ರೆ ಕೊಡುತ್ತಿದ್ದೆ, ಬಿಳಿಯೋ ಹಳದಿಯೋ, ಕೈಗೆ ಸಿಕ್ಕಿದ್ದು. ಸಾಲಿನವರೆಲ್ಲ ನನ್ನನ್ನು ಡಾಕ್ಟರಮ್ಮ ಎಂದು ಕರೆಯತೊಡಗಿದರು. ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಉಬ್ಬಿಹೋಗಿದ್ದೆ.

ನನ್ನ ತಂಗಿ ಪಕ್ಕದ ಮೆಷಿನ್ನಿನಲ್ಲಿ ಕಾಲರ್ ಹೊಲಿಯುತ್ತಾಳೆ. ಮದುವೆಯಾಗಿ ಆರು ವರ್ಷದ ಮೇಲೆ ನಿಂತ ಬಸಿರು, ಆರನೇ ತಿಂಗಳು. ಒಂದು ಮಧ್ಯಾಹ್ನ ಹೊಟ್ಟೆಯ ಕೆಳಗೆ ಕೈಯೊತ್ತಿಕೊಂಡು ನನ್ನ ಕಡೆ ಬಾಗಿದಳು.

"ಅಕ್ಕ, ಉರಿ ತಡಿಯೋಕಾಗ್ತಿಲ್ಲ ಕಣೇ."

ಡಬ್ಬಿ ತೆಗೆದು ಎರಡು ಮಾತ್ರೆ ಅವಳ ಅಂಗೈಗೆ ಹಾಕಿದೆ. ಅವಳು ಅದನ್ನೇ ನೋಡುತ್ತ ಕೂತಳು.

"ಮಗುಗೆ ಏನೂ ಆಗಲ್ಲ ತಾನೆ?"

"ನಾನಿಲ್ವೇನೇ? ಸುಮ್ನೆ ನುಂಗು."

ನುಂಗಿದಳು. ಎರಡು ದಿನಕ್ಕೆ ಉರಿ ಹೋಯಿತು, ಹತ್ತು ದಿನಕ್ಕೆ ಮತ್ತೆ ಬಂತು. ಮತ್ತೆ ಎರಡು ಕೊಟ್ಟೆ. ಹೀಗೆ ಮೂರು ಸಲ. ನಾಲ್ಕನೇ ಸಲ ಬಂದದ್ದು ಉರಿಯಲ್ಲ, ಚಳಿಜ್ವರ. ಮೆಷಿನ್ನಿನ ಮೇಲೇ ತಲೆಯಿಟ್ಟು ಗಡಗಡ ನಡುಗುತ್ತಿದ್ದವಳನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆ. ಸೋಂಕು ಕಿಡ್ನಿಗೆ ಏರಿದೆ ಎಂದರು. ಡ್ರಿಪ್ ಹಾಕಿದರು, ಮೂತ್ರವನ್ನು ಲ್ಯಾಬಿಗೆ ಕಳಿಸಿದರು. ಎರಡು ದಿನ ಕಳೆದರೂ ಜ್ವರ ಇಳಿಯಲಿಲ್ಲ. ಹೊಟ್ಟೆ ಆಗಾಗ ಕಲ್ಲಿನಂತೆ ಬಿಗಿಯತೊಡಗಿತು. ಹೀಗೇ ಆದರೆ ಮಗು ಈಗಲೇ ಹೊರಗೆ ಬಂದುಬಿಡಬಹುದು, ತಾಯಿಯ ಜೀವಕ್ಕೂ ಭರವಸೆಯಿಲ್ಲ ಎಂದು ಡಾಕ್ಟರು ಹೇಳಿದರು. ತಂಗಿಯ ಗಂಡ ಗೋಡೆ ಹಿಡಿದು ನಿಂತುಬಿಟ್ಟ.

ನನಗೆ ಅಳು ಬರುವ ಮೊದಲು ಸಿಟ್ಟು ಬರುತ್ತದೆ. ನೆಟ್ಟಗೆ ಲ್ಯಾಬಿಗೆ ನುಗ್ಗಿದೆ. ಮೂಗಿನ ತುದಿಗೆ ಕನ್ನಡಕ ಇಳಿಬಿಟ್ಟುಕೊಂಡ ಲ್ಯಾಬಿನಾಕೆ ಏನೋ ಬರೆಯುತ್ತಿದ್ದರು.

"ಔಷಧಿ ಕೊಡ್ತಿದೀರೋ ನೀರು ಹಾಕ್ತಿದೀರೋ? ನನ್ನ ಬಸುರಿ ತಂಗಿಗೆ ಎರಡು ದಿನದಿಂದ ಜ್ವರ ಇಳಿದಿಲ್ಲ! ಕತ್ತೆ ಕಾಯ್ತಿದೀರಾ ಎಲ್ಲರೂ?"

ಆಕೆ ಬೈಯಲಿಲ್ಲ. "ಬಾಮ್ಮ ಇಲ್ಲಿ, ಈಗ್ತಾನೆ ರಿಪೋರ್ಟ್ ಬರೀತಿದ್ದೆ" ಎಂದು ಮುಚ್ಚಳವಿದ್ದ ಒಂದು ದುಂಡು ತಟ್ಟೆಯನ್ನು ಬೆಳಕಿಗೆ ಹಿಡಿದರು. ಒಳಗೆ ಮಂಜು ಮುಸುಕಿದಂಥ ಪೊರೆ, ಅದರ ಮೇಲೆ ಅಂಗಿಯ ಗುಂಡಿಯಂಥ ಆರು ಬಿಳಿ ಬಿಲ್ಲೆ.

"ಈ ಮಂಜು ಇದ್ಯಲ್ಲ, ಅದೇ ನಿನ್ನ ತಂಗಿ ಮೂತ್ರದಲ್ಲಿದ್ದ ಕ್ರಿಮಿ. ಒಂದೊಂದು ಬಿಲ್ಲೇಲೂ ಒಂದೊಂದು ಔಷಧಿ. ಔಷಧಿ ಕೆಲಸ ಮಾಡಿದ್ರೆ ಬಿಲ್ಲೆ ಸುತ್ತ ಕ್ರಿಮಿ ಬೆಳೆಯಲ್ಲ, ಖಾಲಿ ಉಂಗುರ ಕಾಣುತ್ತೆ. ನೋಡು, ಎಷ್ಟಕ್ಕೆ ಉಂಗುರ ಇದೆ?"

ನೋಡಿದೆ. ಐದು ಬಿಲ್ಲೆಗಳ ಅಂಚಿನವರೆಗೂ ಮಂಜು ಹಬ್ಬಿತ್ತು. ಆರನೆಯದರ ಸುತ್ತ ಮಾತ್ರ ಒಂದು ಉಂಗುರ.

"ಅದೊಂದೇ ಇಂಜೆಕ್ಷನ್ ಉಳಿದಿರೋದು. ಆಗಲೇ ವಾರ್ಡಿಗೆ ಫೋನ್ ಮಾಡಿದೀನಿ" ಎಂದರು. "ಇದಕ್ಕೆ ಮುಂಚೆ ಮಾತ್ರೆ ಏನಾದ್ರೂ ತಗೊಂಡಿದ್ಲಾ? ಎರಡೆರಡು ಮಾತ್ರೆ ನುಂಗಿ ಬಿಟ್ರೆ ಬಡಕಲು ಕ್ರಿಮಿಗಳು ಸಾಯ್ತವೆ, ಗಟ್ಟಿಯಾದವು ಉಳ್ಕೊಳ್ತವೆ. ಆಮೇಲೆ ಬೆಳೆಯೋದೆಲ್ಲ ಅವುಗಳ ಸಂತಾನವೇ. ಯಾವ ಪುಣ್ಯಾತ್ಮ ಕೊಟ್ಟಿದ್ದು? ಮೆಡಿಕಲ್ ಶಾಪಿನವನಾ?"

ಹೌದು ಎನ್ನಲು ಬಾಯಿ ತೆರೆದೆ. ಎಷ್ಟು ಸುಲಭವಿತ್ತು!

"ನಾನೇ" ಎಂದೆ. "ಅವಳ ಒಡಹುಟ್ಟಿದ ಅಕ್ಕ."

ಆಕೆ ತಲೆ ತಗ್ಗಿಸಿ ಅದನ್ನೂ ರಿಪೋರ್ಟಿನಲ್ಲಿ ಬರೆದುಕೊಂಡರು. ಒಂದೇಟು ಹೊಡೆದಿದ್ದರೂ ಸಮಾಧಾನವಾಗುತ್ತಿತ್ತು.

ಹೊಸ ಇಂಜೆಕ್ಷನ್ ಶುರುವಾಯಿತು. ಮೂರನೇ ದಿನ ಜ್ವರ ಬಿಟ್ಟಿತು, ಹೊಟ್ಟೆ ಬಿಗಿಯುವುದು ನಿಂತಿತು. ನರ್ಸು ಹೊಟ್ಟೆಯ ಮೇಲೆ ಯಂತ್ರವಿಟ್ಟು ಮಗುವಿನ ಎದೆಬಡಿತ ಕೇಳಿಸಿದಾಗ ತಂಗಿಯ ಗಂಡ ಮಗುವಿನಂತೆ ಅತ್ತ. ತಂಗಿ ಎದ್ದು ಕೂತು ತಲೆಗೂದಲು ಗಂಟು ಹಾಕಿಕೊಂಡಳು.

"ಅಕ್ಕ, ಈಗ ಆರಾಮಾಗಿದೀನಿ. ಮನೆಗೆ ಹೋಗೋಣ. ಇನ್ನೂ ಯಾಕೆ ಸುಮ್ನೆ ಸೂಜಿ ಚುಚ್ಚಿಸ್ಕೊಳ್ಳೋದು?"

"ಬಾಯ್ಮುಚ್ಕೊಂಡು ಮಲಕ್ಕೋ!" ನನ್ನ ಅರಚಾಟಕ್ಕೆ ಇಡೀ ವಾರ್ಡು ತಿರುಗಿ ನೋಡಿತು. "ಕೊನೇ ಸೂಜಿ ಚುಚ್ಚೋವರೆಗೂ ಮಂಚ ಬಿಟ್ಟು ಇಳಿದ್ರೆ ಕಾಲು ಮುರೀತೀನಿ!" ಆಮೇಲೆ ಅವಳ ಪಾದ ಹಿಡಿದುಕೊಂಡು ಅತ್ತೆ.

ಮಾರನೇ ದಿನ ಕೆಲಸಕ್ಕೆ ಹೋದೆ. ಡಬ್ಬಿಯ ಮಾತ್ರೆಗಳನ್ನೆಲ್ಲ ಕವರಿಗೆ ಸುರಿದು ಬ್ಯಾಗಿಗೆ ಹಾಕಿಕೊಂಡೆ, ಸಂಜೆ ಲ್ಯಾಬಿನಾಕೆಗೆ ಒಪ್ಪಿಸಲು. ಅಷ್ಟರಲ್ಲಿ ಗುಂಡಿ ಹೊಲಿಯುವ ಗುಂಡಿಯಕ್ಕ ಬಂದಳು. ನನಗಿಂತ ಹತ್ತು ವರ್ಷ ದೊಡ್ಡವಳು, ನನ್ನ ಡಬ್ಬಿಗೆ ಎಲ್ಲರಿಗಿಂತ ಹೆಚ್ಚು ಮಾತ್ರೆ ತುಂಬಿದವಳು.

"ಡಾಕ್ಟರಮ್ಮ, ಬೆಳಿಗ್ಗೆಯಿಂದ ಒಂದೇ ಉರಿ. ಎರಡು ಕೊಡೇ."

"ಇನ್ನೊಂದ್ಸಲ ನನ್ನನ್ನ ಹಾಗೆ ಕರೀಬೇಡಕ್ಕ" ಎಂದೆ. ಖಾಲಿ ಡಬ್ಬಿಯನ್ನು ಒಂದು ಕೈಯಲ್ಲಿ, ಅವಳ ಮುಂಗೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಗಡಿಯಾರದ ಮುಂದೆ ಹೋಗಿ ನಿಂತೆ.

"ಅರ್ಧ ದಿನ ರಜೆ ಬೇಕು. ಇಬ್ಬರಿಗೂ."

"ಇಬ್ಬರಿಗಾ? ಮೆರವಣಿಗೆ ಹೊರಟಿದೀರಾ? ಏನಂತೆ ಕಾಯಿಲೆ?"

"ಉರಿಮೂತ್ರ!"

ಇಡೀ ಸಾಲಿಗೆ ಕೇಳುವಂತೆ ಕೂಗಿದೆ, ಅವನು ಕೂಗುವ ಹಾಗೆಯೇ. ಮೆಷಿನ್ನುಗಳು ಒಂದೊಂದಾಗಿ ನಿಂತವು. ಗುಂಡಿಯಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಆದರೆ ಕೈ ಬಿಡಿಸಿಕೊಳ್ಳಲಿಲ್ಲ.

"ನನ್ನ ತಂಗಿ ಏಳು ತಿಂಗಳ ಬಸುರಿ. ನಿಮ್ಮ ಈ ಮರದ ತುಂಡು ಕಾಯ್ತಾ ಕಾಯ್ತಾ ನೀರು ಕುಡಿಯೋದೇ ಬಿಟ್ಟಳು. ನಾನು ದೊಡ್ಡ ಡಾಕ್ಟರ ಥರ ಡಬ್ಬಿಯಿಂದ ಮಾತ್ರೆ ನುಂಗಿಸಿದೆ. ಈಗ ಅವಳ ಮೈಯಲ್ಲಿರೋ ಕ್ರಿಮಿಗೆ ಐದು ಔಷಧಿ ನಾಟಲ್ಲ. ಡಬ್ಬಿ ಇಟ್ಟೋಳು ನಾನು, ಒಪ್ಕೊಂಡಿದೀನಿ. ಮೊಳೆ ಹೊಡೆದೋರು ಯಾರು?"

ಗಡಿಯಾರ ವಾಚು ನೋಡಿಕೊಂಡ. ಬೇರೇನು ನೋಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಮೊಳೆಯಿಂದ ಟೋಕನ್ನು ಕಿತ್ತು ಗುಂಡಿ ಡಬ್ಬಿಯೊಳಗೆ ಹಾಕಿ, ಮುಚ್ಚಳ ಒತ್ತಿ, ಅವನ ಮೇಜಿನ ಮೇಲಿಟ್ಟೆ. ಹಿಂದಿನಿಂದ ಯಾವುದೋ ಬಾಟಲಿಯ ಮುಚ್ಚಳ ತಿರುಗಿದ ಸದ್ದು ಕೇಳಿತು. ಯಾರೋ ಗಟಗಟನೆ ನೀರು ಕುಡಿಯುತ್ತಿದ್ದರು.

"ನಡಿಯಕ್ಕ" ಎಂದೆ ಗುಂಡಿಯಕ್ಕನಿಗೆ. "ಮೊದಲು ಟಾಯ್ಲೆಟ್ಟಿಗೆ ಹೋಗಿ ಬಾ. ಎಷ್ಟು ಹೊತ್ತಾದ್ರೂ ಪರವಾಗಿಲ್ಲ, ನಾನಿಲ್ಲೇ ನಿಂತಿರ್ತೀನಿ. ಆಮೇಲೆ ಆಸ್ಪತ್ರೆ."