ಒಗೆಯದ ಹೊದಿಕೆ

ಆ ಬೀದಿಯಲ್ಲಿ ಬಿಳಿ ಬಟ್ಟೆ ಹೊಲಿಯುವ ಧೈರ್ಯ ಯಾರಿಗೂ ಇರಲಿಲ್ಲ. ಉಕ್ಕಿನ ಕಾರ್ಖಾನೆಯ ಹೊಗೆ ಕೊಳವೆಗಳು ಕಿಟಕಿಯೆದುರೇ ನಿಂತಿದ್ದವು. ಬೆಳಿಗ್ಗೆ ಒರೆಸಿದ ಹೊಲಿಗೆ ಮೆಷಿನ್ನಿನ ಮೇಲೆ ಮಧ್ಯಾಹ್ನದೊಳಗೆ ಬೆರಳಿನಿಂದ ಹೆಸರು ಬರೆಯಬಹುದಿತ್ತು. ಟೈಲರಮ್ಮ ಕಪ್ಪು, ನೀಲಿ, ಕಂದು ಬಟ್ಟೆಯನ್ನಷ್ಟೇ ಒಪ್ಪಿಕೊಳ್ಳುತ್ತಿದ್ದಳು. ಬಿಳಿ ಬಟ್ಟೆ ಹಿಡಿದು ಬಂದವರಿಗೆ, "ಬೂದು ಬಣ್ಣ ಇಷ್ಟ ಇದ್ರೆ ಕೊಟ್ಟು ಹೋಗಿ" ಎಂದು ನಗುತ್ತಿದ್ದಳು. ಹೊಗೆಯನ್ನು ಬೈಯುವುದು ಬೀದಿಯವರಿಗೆಲ್ಲ ಬಾಯಿಪಾಠ. ಬೈದು ಮುಗಿಸಿ ಅದೇ ಕಾರ್ಖಾನೆಯ ಪಾಳಿಗೆ ಎದ್ದುಬಿದ್ದು ಓಡುತ್ತಿದ್ದರು. ಅವಳ ಗಂಡನೂ ಅವರಲ್ಲೊಬ್ಬ.

ಅವಳ ನಗು ಬತ್ತಿದ್ದು ಮಗಳನ್ನು ಕಳಿಸಿದ ಮೇಲೆ. ಗುಬ್ಬಿ ಎಂದು ಎಲ್ಲರೂ ಕರೆಯುವ ಆ ಏಳು ವರ್ಷದವಳ ಎದೆ, ಚಳಿಗಾಲ ಬಂದರೆ ಸಾಕು, ಸೀಟಿ ಹೊಡೆಯುತ್ತಿತ್ತು. ಆಸ್ಪತ್ರೆಯಲ್ಲಿ ಅಂಥ ಮಕ್ಕಳದೇ ಸಾಲು. "ಔಷಧಿ ಎಷ್ಟು ಕೊಟ್ರೇನು, ಉಸಿರಾಡೋದು ಇದೇ ಗಾಳಿ ತಾನೇ? ಬೇರೆ ಊರಲ್ಲಿಟ್ಟು ನೋಡಿ" ಎಂದಿದ್ದರು ಡಾಕ್ಟರು. ಅರ್ಧ ದಿನದ ಬಸ್ ದಾರಿಯಾಚೆ, ಕೆರೆ ಪಕ್ಕದ ಊರಿನಲ್ಲಿ ಟೈಲರಮ್ಮನ ಅಕ್ಕನಿದ್ದಳು. ಗುಬ್ಬಿ ದೊಡ್ಡಮ್ಮನ ಮನೆ ಸೇರಿದಳು.

ಇಲ್ಲಿ ಉಳಿದದ್ದು ಅವಳ ಹೊದಿಕೆ. ಚೂರು ಬಟ್ಟೆ ಜೋಡಿಸಿ ತಾಯಿಯೇ ಹೊಲಿದದ್ದು; ಹೊರಡುವ ಅವಸರದಲ್ಲಿ ಮಂಚದ ಮೇಲೇ ಮರೆತುಹೋಗಿತ್ತು. ವಾರಕ್ಕೊಮ್ಮೆ ಪರದೆ ಒಗೆಯುವವಳು ಅದನ್ನು ಮಾತ್ರ ನೀರಿಗೆ ಹಾಕಲಿಲ್ಲ. ಅದರಲ್ಲಿ ಮಗಳ ವಾಸನೆಯಿತ್ತು. ಮೆಷಿನ್ನಿನ ಪಕ್ಕದಲ್ಲೇ ಇಟ್ಟುಕೊಂಡು, ಕೈ ಬಿಡುವಾದಾಗಲೆಲ್ಲ ಮುಖಕ್ಕೆ ಒತ್ತಿಕೊಳ್ಳುತ್ತಿದ್ದಳು. "ಒಗೀಬಾರದೇನೇ ಅದನ್ನ?" ಎಂದು ಗಂಡ ಕೇಳಿದರೆ ರೇಗಿ ಬೀಳುತ್ತಿದ್ದಳು. ಅವನೂ ಕೆಲಸಕ್ಕೆ ಹೊರಡುವಾಗ ಅದರ ತುದಿಯನ್ನು ಮೂಗಿಗೆ ಹಿಡಿಯುತ್ತಿದ್ದ. ಅವಳು ಅದನ್ನು ಕಂಡೂ ಕಾಣದಂತಿದ್ದಳು.

ಚಳಿಗಾಲ ಕಳೆಯಿತು. ಅಲ್ಲಿ ಗುಬ್ಬಿಗೆ ಒಮ್ಮೆಯೂ ಉಬ್ಬಸ ಬರಲಿಲ್ಲ. "ವಾಸಿಯಾಗಿದೆ, ಕರ್ಕೊಂಡು ಬಂದ್ಬಿಡ್ತೀನಿ" ಎಂದು ಟೈಲರಮ್ಮ ಹಟ ಹಿಡಿದಳು. ಡಾಕ್ಟರನ್ನು ಕೇಳುವ ಗೋಜಿಗೆ ಹೋಗಲಿಲ್ಲ. ಕೇಳಿದರೆ ಏನನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ಫೋನಿನಲ್ಲಿ ಮಗಳದು ಒಂದೇ ಬೇಡಿಕೆ.

"ಅಮ್ಮಾ, ನನ್ನ ಹೊದಿಕೆ ತಗೊಂಡ್ಬಾ. ಒಗೀಬೇಡ, ನಿನ್ನ ವಾಸನೆ ಹೋಗ್ಬಿಡತ್ತೆ."

ತಾಯಿಯ ಕರುಳು ಕರಗಿ ನೀರಾಯಿತು. ತಾನು ಮಗಳ ವಾಸನೆ ಅಂದುಕೊಂಡದ್ದನ್ನು ಈ ಹುಡುಗಿ ಅಮ್ಮನದು ಅನ್ನುತ್ತಾಳಲ್ಲ! ವಾಸನೆ ಸೋರಿಹೋಗದಂತೆ ಹೊದಿಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಹೋದಳು.

ಗುಬ್ಬಿ ಬಾಗಿಲಲ್ಲೇ ಕಾಯುತ್ತಿದ್ದಳು. ಕೆನ್ನೆ ತುಂಬಿಕೊಂಡಿತ್ತು. ಬ್ಯಾಗಿಗೆ ಬಟ್ಟೆ ತುಂಬಿಸಿಟ್ಟಾಗಿತ್ತು. ಹೊದಿಕೆಯನ್ನು ತಲೆತುಂಬ ಹೊದ್ದು ಅಮ್ಮನ ಮಡಿಲಿಗೆ ಉರುಳಿದವಳು, "ಅಮ್ಮನ ವಾಸನೆ!" ಎಂದು ಒಳಗಿಂದಲೇ ಕೂಗಿದಳು. ಟೈಲರಮ್ಮನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅಕ್ಕ ಕೊಟ್ಟ ಚಹಾ ಆರುವ ಮೊದಲೇ ಹೊದಿಕೆಯೊಳಗಿಂದ ಕೆಮ್ಮು ಬಂತು. ಅದರ ಬೆನ್ನಿಗೇ ಎದೆಯ ಸೀಟಿ.

ದೊಡ್ಡಮ್ಮ ಓಡಿಬಂದು ಹೊದಿಕೆ ಕಿತ್ತೆಸೆದಳು. ಮಗುವನ್ನು ನೆಟ್ಟಗೆ ಕೂರಿಸಿ, ಉಸಿರಿನ ಔಷಧಿಯ ಪಂಪು ಬಾಯಿಗಿಟ್ಟಳು. ಉಸಿರು ಹದಕ್ಕೆ ಬರುವವರೆಗೆ ಬೆನ್ನು ನೀವಿದಳು. ಆಮೇಲೆ ಅವಳು ಹೊದಿಕೆಯನ್ನು ಮೂಸಿದಳು. ತಂಗಿಯ ತಲೆಯನ್ನೂ ಮೂಸಿದಳು.

"ಬೇಜಾರು ಮಾಡ್ಕೋಬೇಡ ಕಣೇ. ಎರಡೂ ಒಂದೇ ವಾಸನೆ. ಹೊಗೆ."

"ಹೊಗೆ ಎಲ್ಲಿದೆ ಅಕ್ಕಾ? ನಂಗೇನೂ ಬರ್ತಿಲ್ವಲ್ಲ."

"ನಿಂಗೆ ಹೇಗೆ ಗೊತ್ತಾಗತ್ತೆ? ಅದರಲ್ಲೇ ಇದ್ದೀಯಲ್ಲ."

ಟೈಲರಮ್ಮ ಹಿತ್ತಲಲ್ಲಿ ಕೂತು ಹೊದಿಕೆ ಒಗೆದಳು. ಹಿಂಡಿದಷ್ಟೂ ಮಸಿ ಇಳಿಯಿತು. ಇಷ್ಟು ದಿನ ಮಗಳೆಂದು ಎದೆಗವಚಿಕೊಂಡದ್ದು ಇದನ್ನೇ! ನಲ್ಲಿ ಜೋರಾಗಿ ಬಿಟ್ಟು, ಆ ಸದ್ದಿನಲ್ಲಿ ಮನಸಾರೆ ಅತ್ತಳು. ಆಮೇಲೆ ಅಕ್ಕನ ಸೋಪಿನಲ್ಲಿ ತಲೆಸ್ನಾನ ಮಾಡಿ, ಅಕ್ಕನ ಬಟ್ಟೆ ಉಟ್ಟು, ಗುಬ್ಬಿಯ ಬ್ಯಾಗಿನಲ್ಲಿದ್ದ ಬಟ್ಟೆಗಳನ್ನು ಒಂದೊಂದಾಗಿ ಬೀರುವಿಗೆ ಮರಳಿಸಿದಳು.

"ನಾನು ಬರಲ್ವಾ?"

"ಈಗ ಬೇಡ ಕಂದಾ."

"ಮತ್ಯಾವಾಗ?"

ಅದನ್ನು ಬೀದಿಯೆದುರಿನ ಆ ಕೊಳವೆಗಳನ್ನು ಕೇಳಬೇಕಿತ್ತು.

ಮರುದಿನ ಬಸ್ಸಿನ ಬಳಿ ಗುಬ್ಬಿ ಅಮ್ಮನ ಕುತ್ತಿಗೆಗೆ ಜೋತುಬಿದ್ದಳು. ಕೊರಳು ಮೂಸಿದಳು, ಕೂದಲು ಮೂಸಿದಳು, ತೋಳು ಮೂಸಿದಳು. ಹುಡುಕಿದ್ದು ಎಲ್ಲೂ ಸಿಗದೆ ಅವಳ ಮುಖ ಸಪ್ಪಗಾಯಿತು.

"ಅಮ್ಮಾ, ನೀನು ದೊಡ್ಡಮ್ಮನ ಥರ ಆಗ್ಬಿಟ್ಟಿದ್ದೀಯ."

ಟೈಲರಮ್ಮ ಮಗಳ ಬೆನ್ನಿಗೆ ಕಿವಿಯಿಟ್ಟಳು. ಒಳಗೆ ಸೀಟಿ ಇರಲಿಲ್ಲ. ಡ್ರೈವರ್ ಎರಡನೇ ಸಲ ಹಾರ್ನ್ ಹೊಡೆಯುವವರೆಗೂ ಅವಳು ಹಾಗೇ ಕೇಳುತ್ತ ನಿಂತಿದ್ದಳು.