ಉಗುರಿನ ಕೆಂಪು

ಕಿಟಕಿಯಾಚೆ ಭತ್ತದ ಗದ್ದೆಯ ಹಸಿರು ಬಸ್ಸಿನ ಜೊತೆಗೇ ಓಡುತ್ತಿತ್ತು, ಪೂಜಿತಾಳ ಮಡಿಲಲ್ಲಿದ್ದ ಅಜ್ಜಿಯ ಎಡಗಾಲು ಮಾತ್ರ ಹೊಳೆಯಿಂದ ಈಗಷ್ಟೇ ಎತ್ತಿದ ಕಲ್ಲಿನ ಹಾಗೆ ತಣ್ಣಗೆ — ಈ ಬಿಸಿಲಲ್ಲಿ, ಕಂಪ್ಲಿಯಿಂದ ಹೊಸಪೇಟೆಗೆ ಹೊರಟ ಈ ಕಾದ ತಗಡಿನ ಡಬ್ಬಿಯಲ್ಲಿ, ತಣ್ಣಗೆ ಹೇಗಿರುತ್ತದೆ? ಬಲಗಾಲು ಮುಟ್ಟಿದಳು, ಬೆಚ್ಚಗಿದೆ, ಮತ್ತೆ ಎಡಗಾಲು — ಮೀನಖಂಡ ಹಿಡಕೊಂಡಂಗ ಆಗಕತ್ತೈತಿ ಪೂಜೀ, ಒಂಚೂರು ತಿಕ್ಕು, ಎಂದಳು ಅಜ್ಜಿ ಹಂಪಮ್ಮ, ತಿಕ್ಕಿದಳು, ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟಳು, ಬೆಳ್ಳಗಾಯಿತು, ಈಗ ಕೆಂಪು ಬರಬೇಕು, ಡಾಕ್ಟರು ತೋರಿಸಿಕೊಟ್ಟಿದ್ದರಲ್ಲ, ಒತ್ತಿ ಬಿಡಮ್ಮ, ಕೆಂಪು ಓಡಿ ಬಂದರೆ ರಕ್ತ ಓಡುತ್ತಿದೆ ಅಂತ — ಬಂತು, ಬಂತು, ಆದರೆ ಓಡಿ ಬರಲಿಲ್ಲ, ಏರು ಹತ್ತಿ ದಣಿದವರ ಹಾಗೆ ಬಂತು.

ಬೇಸಿಗೆಯಲ್ಲಿ ಅಜ್ಜಿಯ ಎಡತೊಡೆಯ ರಕ್ತನಾಳದೊಳಗೆ ಆ ಜಾಲರಿ ಕೊಳವೆ, ಸ್ಟೆಂಟು, ಕೂರಿಸಿದ ದಿನ ಡಾಕ್ಟರು ಹೇಳಿದ್ದೆಲ್ಲ ಈಗ ಕಿವಿಯಲ್ಲಿ — ಬರೀ ಲೋಹದ್ದಾದರೆ ಮೈ ಅದರ ಮೇಲೆ ಬೇಗ ಚರ್ಮ ಬೆಳೆಸುತ್ತೆ, ಕೆಲವರಿಗೆ ಆ ಬೆಳವಣಿಗೆ ನಿಲ್ಲೋದೇ ಇಲ್ಲ, ದಾರಿನೇ ಮುಚ್ಚುತ್ತೆ, ಇದು ಔಷಧಿ ಸವರಿದ್ದು, ಬೆಳವಣಿಗೆಯನ್ನು ತಡೆಯುತ್ತೆ, ಆದರೆ ಚರ್ಮ ಬರೋದೂ ನಿಧಾನ, ಅಲ್ಲಿಯವರೆಗೆ ಒಳಗೆ ಬರಿಗಂಬಿ, ಬರಿಗಂಬಿಗೆ ರಕ್ತ ಹೆಪ್ಪುಗಟ್ಟಬಹುದು, ಅದಕ್ಕೇ ಈ ಗುಳಿಗೆ, ನಾನು ಹೇಳೋವರೆಗೆ ಬಿಡಬೇಡಿ. ಅಂದ್ರ ಬುಟ್ಟಿ ಹೆಣೆದಾಗೈತಿ, ಇನ್ನೂ ತೊಗಲು ಹೊದಿಸಿಲ್ಲ ಅನ್ರಿ, ಎಂದಿದ್ದಳು ಅಜ್ಜಿ, ಡಾಕ್ಟರು ನಕ್ಕಿದ್ದರು, ಪೂಜಿತಾ ನಗಲಿಲ್ಲ, ಚಿಕ್ಕವಳಿದ್ದಾಗ ಇದೇ ಅಜ್ಜಿಯ ತೊಡೆಯ ಮೇಲೆ ಮಲಗಿ ಕೇಳಿದ ಕಥೆ ಎದ್ದು ಕೂತಿತ್ತು, ತೊಗಲು ಹೊದಿಸದ ಹರಿಗೋಲನ್ನು ಅವಸರಕ್ಕೆ ನೀರಿಗಿಳಿಸಿದ ಅಂಬಿಗ, ನಡುಹೊಳೆಯಲ್ಲಿ ಹೊಳೆವ್ವ ಕೇಳುತ್ತಾಳೆ, ಒಳಗ ಜಾಗ ಐತೇನಪ್ಪಾ, ಕೇಳುತ್ತಲೇ ಬಂದು ಕೂರುತ್ತಾಳೆ — ಆಮೇಲೇನಾಯ್ತು ಅಜ್ಜೀ? ಆಮೇಲೇನು, ಮಲಕ್ಕೋ.

ಕಂಪ್ಲಿಯ ಅಕ್ಕಿ ಗಿರಣಿ ಮುಂದೆ ಇವತ್ತು ಬೆಳಗ್ಗೆ ಅಜ್ಜಿಯ ತಮ್ಮ ಕೊಟ್ರಯ್ಯ ತಾತ ಪಂಚೆ ಎತ್ತಿ ಕಾಲು ಕುಣಿಸಿದ್ದ, ಅವನ ಕಾಲಲ್ಲೂ ಸ್ಟೆಂಟು, ಆದರೆ ಅವನದು ಬರೀ ಲೋಹದ್ದು, ಡಾಕ್ಟರೇ ಅವನ ಗುಳಿಗೆಯನ್ನು ಜಲ್ದಿ ನಿಲ್ಲಿಸಿದ್ದರು — ಅಕ್ಕಾ, ನಿನ್ ಕಾಲು ಇನ್ನೂ ಗುಳಿಗಿ ನುಂಗ್ತತೇನು, ಅದೇನು ಕಾಲೋ ಹಸುಗೂಸೋ? ಅಜ್ಜಿ ಯಾಕೋ ಸೆರಗು ಬಾಯಿಗಿಟ್ಟು ನಕ್ಕಳು, ಆದರೆ ಬಸ್ಸು ಹತ್ತಿಸಲು ಬಂದ ತಾತ ದಾರಿಯಲ್ಲಿ ನಿಂತು ನಿಂತು ಲಾರಿಗಳನ್ನು ನೋಡಿದ, ಯಾವ ಲಾರಿಯೂ ಇಲ್ಲದಾಗಲೂ ನೋಡಿದ, ಹಲ್ಲು ಕಚ್ಚಿ, ಮೀನಖಂಡ ಹಿಡಿದುಕೊಂಡು — ಅವನ ಕಾಲೊಳಗಿನ ದಾರಿಯೂ ಮುಚ್ಚುತ್ತಿದೆಯೇ, ಮತ್ತೆ ಅಜ್ಜಿ ನಕ್ಕದ್ದು ಯಾತಕ್ಕೆ?

ಅಜ್ಜೀ, ಮುಂಜಾನೆ ಗುಳಿಗಿ ತಗೊಂಡಿ ಹೌದಿಲ್ಲೋ? ಅಜ್ಜಿ ಗದ್ದೆ ನೋಡಿದಳು. ಅಜ್ಜೀ. ಬಿಟ್ಟೀನವ್ವಾ, ಹಂಪಿಯಾಗ ಬಿಟ್ಟು ಬಂದೀನಿ. ಹಂಪಿ — ಹೋದ ತಿಂಗಳು, ಕಾಲು ನೆಟ್ಟಗಾಯಿತೆಂದು ಹರಕೆ ತೀರಿಸಲು ಹೋದದ್ದು, ಕಾಶಿಗೆ ಹೋದವರು ಪ್ರಿಯವಾದದ್ದೊಂದನ್ನು ಬಿಟ್ಟು ಬರುತ್ತಾರಲ್ಲ, ನಮಗ ಹಂಪಿನೇ ಕಾಶಿ ಎನ್ನುತ್ತ ಅಜ್ಜಿ ಮೆಟ್ಟಿಲಿಳಿದು ಎಲೆಯಲ್ಲಿ ಸುತ್ತಿದ್ದೇನನ್ನೋ ನೀರಿಗೆ ಬಿಟ್ಟಿದ್ದಳು, ಏನದು ಎಂದರೆ ಹೇಳಿದ್ರ ಫಲ ಹೋಗ್ತೈತಿ, ಪೂಜಿತಾ ಬಾಳೆಹಣ್ಣೇ ಇರಬೇಕೆಂದು ಅಂದಿನಿಂದ ಮನೆಗೆ ಬಾಳೆಹಣ್ಣೇ ತರಲಿಲ್ಲ, ಬಾಳೆಹಣ್ಣು! ಗುಳಿಗಿ ಯಾರಾದ್ರೂ ಬಿಡ್ತಾರೇನಜ್ಜೀ, ಪ್ರಿಯವಾದದ್ದಲ್ಲೇನು ಬಿಡೋದು? ಮತ್ತ, ಕಾಲು ಕೊಟ್ಟಿದ್ದೇ ಅದು, ಅದಕಿಂತ ಪ್ರಿಯ ನನಗ್ಯಾವುದೈತಿ ಹೇಳು.

ಬಸ್ಸು ನಿಂತಿತ್ತು, ಪೂಜಿತಾ ಕೂಗಿದಳು, ಕಂಡಕ್ಟರಣ್ಣಾ ಜಲ್ದಿ ಹೋಗ್ರಿ, ಆಸ್ಪತ್ರಿಗೆ ಹೋಗಬೇಕು — ಮುಂದ ಕಬ್ಬಿನ ಟ್ರ್ಯಾಕ್ಟರ್ ಬಿದ್ದೈತಮ್ಮಾ, ಬಸ್ ಹಾರಿಸಾಕ ಬರ್ತತೇನು — ಹೊರಗೆ ಯಾರೋ ಕಬ್ಬು ಮುರಿದು ತಿನ್ನುತ್ತಿದ್ದಾರೆ, ನಗುತ್ತಿದ್ದಾರೆ, ಒಳಗೆ ತೊಡೆಯ ಕತ್ತಲಲ್ಲಿ ಬರಿಗಂಬಿಯ ಬುಟ್ಟಿ, ಜಾಗ ಐತೇನಪ್ಪಾ ಒಳಗ, ಬೆರಳು ಜೋಮು ಹಿಡಿದಾವ ಪೂಜೀ, ನೀ ಮುಟ್ಟಿದ್ದೂ ತಿಳಿವಲ್ದು, ಎನ್ನುತ್ತಾಳೆ ಅಜ್ಜಿ, ಈಗ ನಗುವಿಲ್ಲ ಅವಳಲ್ಲಿ, ಆಮೇಲೇನಾಯ್ತು ಅಜ್ಜೀ, ಆಮೇಲೇನಾಯ್ತು, ಪೂಜಿತಾ ಉಗುರು ಒತ್ತುತ್ತಾಳೆ, ಬಿಡುತ್ತಾಳೆ, ಬಿಳಿ, ಬರುತ್ತದೆ, ಈಗ ಬರುತ್ತದೆ, ಬಾ, ಬಾರವ್ವಾ, ಬಿಳಿ, ಹುರಿದ ಭತ್ತದ ಅರಳಿನ ಹಾಗೆ ಬಿಳಿ, ಇನ್ನೂ ಬಿಳಿ —