ತುಟಿ ಕೂಡಿದ ಹೊತ್ತು

ಮೈಕಿನ ಕತ್ತನ್ನು ಅವನೇ ತಿರುಗಿಸಿ ಕೆಳಗಿಳಿಸಿಕೊಂಡ, ಕೀಂಯ್ ಎಂದಿತು, ಪಾಸ್ಟರರ ಎತ್ತರದಿಂದ ನನ್ನ ಮಗನ ಎತ್ತರಕ್ಕೆ ಇಳಿಯುವಷ್ಟರಲ್ಲಿ ಅದಕ್ಕೂ ಕತ್ತು ಉಳುಕಿರಬೇಕು, ನಾನು ಏಳಲು ಹೋದೆ, ಸಹಾಯಕ್ಕೆ, ಮೊಣಕಾಲಿನ ಮೇಲೆ ಅವಳ ಕೈ ಬಿತ್ತು, ಪೇಪರ್‌ವೇಟಿನ ಹಾಗೆ, ಕೂತ್ಕೊಳ್ರಿ, ಕೂತೆ, ಹೆಂಡತಿಯ ಮಾತಿಗೂ ಗುರುತ್ವಾಕರ್ಷಣೆಗೂ ಎದುರಾಡಿ ಗೆದ್ದವರಿಲ್ಲ — ಎರಡನೆಯ ಸಾಲಿನ ಬೆಂಚು ನಮ್ಮದು, ಮೊದಲನೆಯದು ಮದುಮಕ್ಕಳ ಮನೆಯವರದು, ಅಲ್ಲಿ ಗಂಡಿನ ದೊಡ್ಡಮ್ಮನ ಬೆನ್ನು ಒಂದು ಬೀರುವಿನಷ್ಟು ಅಗಲ, ಆ ಬೀರುವಿಗೂ ಪಕ್ಕದವರ ಹೆಗಲಿಗೂ ನಡುವಿನ ಸಂದಿಯಲ್ಲಿ ನನ್ನ ಗುಂಡ, ಕಡ್ಡಿಯ ಹಾಗಿದ್ದರೂ ಗುಂಡ, ಆ ಅಡ್ಡಹೆಸರು ಅವನೇ ಆರಿಸಿಕೊಂಡದ್ದು, ಅದನ್ನು ಹೇಳಲು ತುಟಿಗೆ ತುಟಿ ತಗಲಿಸಬೇಕಾಗಿಲ್ಲ, ತಗಲಿದರೆ ಬೀಗ ಬಿತ್ತೆಂದೇ ಲೆಕ್ಕ, ನನ್ನ ಮಗನಿಗೆ ಪ, ಬ, ಮ ಎಂಬ ಮೂರು ಅಕ್ಷರಗಳು ಮೂರು ಚೆಕ್‌ಪೋಸ್ಟು, ಬೇರೆಯವರ ಮಾತು ಕೈ ಬೀಸಿಕೊಂಡು ದಾಟುವಲ್ಲಿ ಅವನ ಮಾತು ಮಾತ್ರ ಇಳಿದು ಡಿಕ್ಕಿ ತೆಗೆದು ತೋರಿಸಬೇಕು. ಈಗ ಉಸಿರು ತೆಗೆದುಕೊಂಡ, ಪುಸ್ತಕದ ಅಂಚು ಹಿಡಿದ, ಮದುವೆಗಳಲ್ಲಿ ಎಲ್ಲರೂ ಬೈಬಲಿನಿಂದ ಓದಿಸುವ ಆ ಭಾಗ, ಪ್ರೀತಿಯೆಂದರೆ ಎಂಥದು, ಎಂಥದಲ್ಲ ಎಂದು ಸಾಲುಸಾಲಿಗೂ ಅದೇ ಪದ ಬರುವ ಭಾಗ, ಮೊದಲ ಸಾಲಿನ ಮೊದಲ ಪದವೇ ಅದು, ತುಟಿ ಕೂಡಿತು, ನಿಂತಿತು, ಬೆಳ್ಳಗೆ ಒತ್ತಿಕೊಂಡ ಎರಡು ತುಟಿ, ಗದ್ದ ಸ್ವಲ್ಪ ಮೇಲೆ, ಹಿಂದೆ ಎಲ್ಲೋ ಒಂದು ಬೆಂಚು ಕಿರುಗುಟ್ಟಿತು, ಸ್ವಾಮಿ, ನಮ್ಮ ಧರ್ಮದ ಅಂಗಡಿಯಲ್ಲಿ ಪಕಾರದ್ದೇ ಯಾಕೆ ಇಷ್ಟು ಸಗಟು ವ್ಯಾಪಾರ, ಪ್ರೀತಿ, ಪ್ರಾರ್ಥನೆ, ಪಾಪ, ಪಶ್ಚಾತ್ತಾಪ, ಪರಲೋಕ, ಪರಿಶುದ್ಧಾತ್ಮ, ಕೊನೆಗೆ ಪಾಸ್ಟರ್ ಕೂಡ, ಕೃಪೆ ಎಂದುಕೊಂಡು ತಪ್ಪಿಸಿಕೊಳ್ಳೋಣವೆಂದರೆ ಅದರ ಬಾಲದಲ್ಲೂ ಒಂದು ಪೆ ಕೂತಿದೆ, ನಾನು ನಗಬಾರದು, ನಗುವ ಹೊತ್ತಲ್ಲ, ಆದರೆ ಹೆದರಿಕೆಯಾದಾಗ ನನ್ನ ತಲೆ ಹೀಗೇ, ಪದಗಳನ್ನು ಕಲ್ಲಿನಂತೆ ಎಸೆದು ಹಿಡಿಯುತ್ತ ಕೂರುತ್ತದೆ — ಬಂತು, ಪ್ರೀತಿ, ಬಂತು, ಸಾಲು ಓಡಿತು, ಸಲೀಸಾಗಿ, ಮುಂದಿನ ಪ್ರೀತಿಯವರೆಗೆ ದಾರಿ ನುಣುಪು.

ನಾನು ಹೇಳಿದ್ದೆ, ಬೆಳಿಗ್ಗೆ ಕೂಡ ಹೇಳಿದೆ, ಷೂ ಲೇಸು ಕಟ್ಟುತ್ತ ಕೂತಿದ್ದ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು, ಗುಂಡ, ಪ್ರೀತಿ ಅನ್ನೋ ಕಡೆ ಒಲವು ಅಂತ ಓದು, ಅರ್ಥ ಅದೇ, ಅಂದವೂ ಜಾಸ್ತಿ, ಯಾರಿಗೂ ಗೊತ್ತಾಗಲ್ಲ, ನನ್ನ ಚೀಲದಲ್ಲಿ ಪದಗಳಿಗೆ ಬರವಿಲ್ಲ, ಬ್ರೆಡ್ಡಿಗೆ ಬದಲು ರೊಟ್ಟಿ, ಬಸ್ಸಿಗೆ ಬದಲು ಗಾಡಿ, ಬೇಕು ಎನ್ನುವ ಕಡೆ ಕೊಡಿ, ಹೀಗೆ ಅವನ ಬಾಯಿಗೆ ಅಡ್ಡದಾರಿಗಳ ಒಂದು ನಕ್ಷೆಯನ್ನೇ ಮಾಡಿಕೊಟ್ಟಿದ್ದೆ, ಅವನು ಲೇಸಿನ ಗಂಟು ಬಿಗಿದು, ನೋಡದೆ, ಪುಸ್ತಕದಲ್ಲಿ ಹಾಗಿಲ್ವಲ್ಲ ಎಂದ, ಎಷ್ಟು ಹೊತ್ತಾಯಿತು ಆ ಪುಸ್ತಕದ ಪು ಬರಲು, ಆದರೂ ಅದನ್ನೇ ಹೇಳಿದ, ಗ್ರಂಥ ಎನ್ನಬಹುದಿತ್ತು, ಗೊತ್ತಿತ್ತು ಅವನಿಗೆ, ನಾನೇ ಕಲಿಸಿದ್ದು. ಇವಳು ಬಾಗಿಲಲ್ಲಿ ನಿಂತು ಕಿವಿಗೆ ಓಲೆ ಹಾಕಿಕೊಳ್ಳುತ್ತ, ಅವನನ್ನ ಬಿಡಿ, ನೀವು ಒಂದು ಮಾತು ಕೊಡಿ, ಅವನು ಓದೋವಾಗ ಬಾಯಿ ಆಡಿಸಲ್ಲ ಅಂತ, ನಾನು ಯಾವಾಗ ಆಡಿಸ್ತೀನಿ, ಯಾವಾಗಲೂ ಆಡಿಸ್ತೀರಿ, ಅವನು ತಡೆದಾಗೆಲ್ಲ ನಿಮ್ಮ ಬಾಯಿ ಮೀನಿನ ಥರ, ಅವನು ಪದ ನೋಡ್ತಾನೋ ನಿಮ್ಮನ್ನ ನೋಡ್ತಾನೋ — ಹೀಗಿದೆ ಇವಳ ಮಾತು, ದಿನವಿಡೀ ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣಿಗೆ ಒಂದೊಂದು ಗಾಜು ಇಟ್ಟು ಈಗ ಹೇಗಿದೆ, ಈಗ ಹೇಗಿದೆ ಎಂದು ಕೇಳುವವಳು, ಮನೆಗೆ ಬಂದರೂ ಬಿಡುವುದಿಲ್ಲ, ಜಗಳದ ನಟ್ಟನಡುವೆ ನಿಲ್ಲಿಸಿ, ರೀ, ಈಗ ಹೇಳಿದ್ದು ಸರಿಯೋ ಮೊದಲು ಹೇಳಿದ್ದು ಸರಿಯೋ, ಯಾವುದರಲ್ಲಿ ಅಕ್ಷರ ನೆಟ್ಟಗೆ ಕಾಣುತ್ತೆ. ನನ್ನನ್ನು ಮದುವೆಯಾಗ್ತೀಯಾ ಎಂದು ಇವಳನ್ನು ನಾನು ಕೇಳಿದ್ದು ಅದೇ ಅಂಗಡಿಯ ಕುರ್ಚಿಯಲ್ಲಿ, ಕಣ್ಣಿಗೆ ಏನೂ ಆಗಿಲ್ಲದಿದ್ದರೂ ಪರೀಕ್ಷೆಗೆಂದು ಹೋಗಿ ಕೂತು, ಮೊದಲು ರೇಡಿಯೋ ವಾರ್ತೆಯವರ ದನಿಯಲ್ಲಿ, ಆಮೇಲೆ ಬಸ್ಸಿನ ಕಂಡಕ್ಟರನ ದನಿಯಲ್ಲಿ, ಯಾರ್ರೀ ಅದು ಇನ್ನೂ ಒಂಟಿಯಾಗಿ ನಿಂತಿರೋದು ಮುಂದೆ ಬನ್ನಿ, ಕೊನೆಗೆ ಪಾಸ್ಟರರ ದನಿಯಲ್ಲಿ, ಸಹೋದರಿಯೇ, ಈ ಬಡ ಸಹೋದರನನ್ನು, ಇವಳು ನಕ್ಕಳು, ಕುರ್ಚಿಯ ಕೈ ಹಿಡಿದು ನಕ್ಕಳು, ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು, ಸರಿ, ಈಗ ನಿಮ್ಮ ದನೀಲಿ ಹೇಳಿ ಎಂದಳು. ನನ್ನ ದನಿ. ಹುಡುಕಿದೆ, ಜೇಬಿನಲ್ಲಿ ಚಾವಿ ಹುಡುಕುವ ಹಾಗೆ, ಈ ಬದಿ ಇಲ್ಲ ಆ ಬದಿ ಇಲ್ಲ, ಬಾಯಿ ತೆರೆದೇ ಇತ್ತು, ಏನೂ ಬರಲಿಲ್ಲ, ಅವಳು ಕಾದಳು, ಗಡಿಬಿಡಿ ಮಾಡಲಿಲ್ಲ, ಗೋಡೆಯ ಮೇಲಿನ ಅಕ್ಷರಗಳು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತ ನಿಂತಿದ್ದವು, ಅಷ್ಟು ಹೊತ್ತು ಯಾರೂ ಯಾವತ್ತೂ ನನಗಾಗಿ ಕಾದಿರಲಿಲ್ಲ, ಆಮೇಲೆ ಏನೋ ಬಂತು, ಬಡಕಲು ದನಿ, ಅದು ನನ್ನದೇ, ಅದಕ್ಕೇ ಹೂಂ ಎಂದಳು.

ಎರಡನೆಯ ಪ್ರೀತಿ, ತುಟಿ ಕೂಡಿತು, ಬಿಟ್ಟಿತು, ಇದು ಸಣ್ಣದು, ಹಾದುಹೋಯಿತು, ಒಳ್ಳೆಯದು ಕಂದ, ನಾನು ಬಾಯಿ ಆಡಿಸುತ್ತಿಲ್ಲ, ಹಲ್ಲಿನ ನಡುವೆ ನಾಲಿಗೆಯನ್ನು ಅಡವಿಟ್ಟು ಕೂತಿದ್ದೇನೆ, ಇದೇ ನಾಲಿಗೆ, ಶುಕ್ರವಾರದ ಸಂಜೆಗಳಲ್ಲಿ ಈ ಚರ್ಚಿನ ಹಿಂದಿನ ಕೋಣೆಯಲ್ಲಿ, ಬಲೆ ಹರಿದ ಟೇಬಲ್ ಟೆನಿಸ್ ಮೇಜು, ತಂತಿ ಕಡಿದ ಗಿಟಾರು, ಬೆವರು ಮತ್ತು ಬಿಸ್ಕತ್ತಿನ ವಾಸನೆ, ಅಲ್ಲಿ ಹದಿಹರೆಯದವರ ಮುಂದೆ ಬೈಬಲ್ ಕಥೆಗಳ ಫರೀಸಾಯನಿಗೊಂದು ದನಿ, ಸುಂಕದವನಿಗೊಂದು ದನಿ, ಕತ್ತೆಗೂ ಒಂದು ದನಿ ಕೊಟ್ಟು ನಗಿಸಿ ನಗಿಸಿ ನಂಬಿಕೆಯನ್ನು ಒಳಗೆ ತೂರಿಸುವ ನನ್ನ ಕಸುಬು, ಯೂತ್ ಅಣ್ಣ ಎಂದರೆ ಊರಿಗೆಲ್ಲ ಅಣ್ಣ, ಮಾತಿನಲ್ಲಿ ಮಲ್ಲ, ಮಗನ ಪಾಲಿನದನ್ನೂ ನಾನೇ ಬಡಿಸಿಕೊಂಡು ಉಂಡೆನೇನೋ. ಈಗ ಅಲ್ಲಿ ನಿಂತಿರುವ ಮದುಮಗಳು ಆ ಕೋಣೆಯವಳೇ, ನರ್ಸು, ಮದುಮಗ ವೆಲ್ಡರ್ ಕೂಡ ಆ ಕೋಣೆಯವನೇ, ಇಬ್ಬರಿಗೂ ಮದುವೆಯ ಪಾಠ ಹೇಳಿಕೊಟ್ಟವನು ನಾನು, ನಮ್ಮ ಅಡುಗೆಮನೆಯ ಮೇಜಿನಲ್ಲಿ, ಗಂಡನ ದನಿ ಹೆಂಡತಿಯ ದನಿ ಎರಡನ್ನೂ ನಾನೇ ಮಾಡಿ ಜಗಳವಾಡಿ ತೋರಿಸುತ್ತಿದ್ದೆ, ಪಾತ್ರೆ ತೊಳೆಯುತ್ತ ಇವಳು, ನಾನೇನೂ ಹಾಗೆ ಮಾತಾಡಲ್ಲ ಎಂದಳು, ವೆಲ್ಡರ್ ಬಿದ್ದು ಬಿದ್ದು ನಕ್ಕ, ನರ್ಸು ನಗಲಿಲ್ಲ, ಬೆಂಚಿನ ತುದಿಯಲ್ಲಿ ಬಣ್ಣ ಹಚ್ಚುತ್ತ ಕೂತಿದ್ದವನ ಕಡೆ ತಿರುಗಿ, ಗುಂಡ, ನನ್ನ ಮದುವೇಲಿ ನೀನು ಓದ್ತೀಯಾ ಎಂದಳು, ನಾನು ಎಗರಿ ಬಿದ್ದೆ, ಅವನು ಹೂವು ಕೊಡ್ತಾನಮ್ಮ, ಹೂವು ಚೆನ್ನಾಗಿ ಕೊಡ್ತಾನೆ, ಅವಳು, ಅಣ್ಣಾ, ನಾನು ನಿಮ್ಮನ್ನ ಕೇಳ್ಲಿಲ್ಲ. ಅವನು ಕ್ರೇಯಾನ್ ಕೆಳಗಿಟ್ಟು ಹೂಂ ಎಂದ, ಹೂಂ ಎನ್ನಲೂ ಕೊನೆಗೆ ತುಟಿ ಮುಚ್ಚಬೇಕು, ಮುಚ್ಚಿದ, ಅದು ಅಲ್ಲೇ ಅಂಟಿಕೊಂಡಿತು, ಉದ್ದಕ್ಕೆ, ಹೂಮ್ಮ್ಮ್, ದುಂಬಿಯ ಹಾಗೆ, ನರ್ಸು ದುಂಬಿ ಹಾರಿಹೋಗುವವರೆಗೂ ಕಾದಳು.

ಕಾಯುವುದು ನನಗೊಬ್ಬನಿಗೇ ಬರುತ್ತಿರಲಿಲ್ಲ, ಸಭೆಯ ಹಿರಿಯರನ್ನು ಮನೆಗೆ ಕರೆದೆ, ಅವನ ತಲೆಯ ಮೇಲೆ ಕೈಗಳ ಗೋಪುರವನ್ನೇ ಕಟ್ಟಿಸಿದೆ, ಪ್ರಾರ್ಥನೆ ಜೋರಾಗುತ್ತ ಹೋಯಿತು, ಇವನ ನಾಲಿಗೆ ಬಿಡಿಸು, ಈಗಲೇ ಕರ್ತನೇ, ಈ ಗಳಿಗೆಯಲ್ಲೇ ಕರ್ತನೇ, ಎಲ್ಲರೂ ಹೋದ ಮೇಲೆ ಕೆದರಿದ ಕೂದಲನ್ನು ಸರಿಮಾಡಿಕೊಳ್ಳುತ್ತ ಅವನು ಕೇಳಿದ್ದು ಇಷ್ಟೇ, ದೇವರಿಗೆ ಅರ್ಜೆಂಟಾ? ಇಷ್ಟು ವರ್ಷ ಹುಡುಗರ ಎಡವಟ್ಟು ಪ್ರಶ್ನೆಗಳಿಗೆಲ್ಲ ಥಟ್ಟನೆ ಉತ್ತರ ಕೊಟ್ಟವನು ಹಿರಿಯರು ಕುಡಿದಿಟ್ಟ ಲೋಟಗಳನ್ನು ಎತ್ತತೊಡಗಿದೆ, ಆದರೂ ಬುದ್ಧಿ ಬರಲಿಲ್ಲ, ಅದಾದ ಮೇಲೆ ಒಂದು ದಿನ ಊಟದ ಮೇಜಿನಲ್ಲಿ ಅವನು ಪಾಸ್ಟರರ ಹಾಗೆ ಮೂಗೆಳೆದು ಮಾತಾಡಿದ, ಪ್ರಿಯರೇ, ಪಾತ್ರೆಯಲ್ಲಿ ಪಲ್ಯ ಇನ್ನೂ ಉಂಟೋ, ಒಂದೇ ಉಸಿರಿಗೆ, ಮೂರು ಪಕಾರ, ಒಂದೂ ತಡೆಯದೆ, ನಾನು ಕುಣಿದೆ, ಇನ್ನೊಬ್ಬರ ದನಿಯಲ್ಲಿ ಅವನಿಗೆ ಬೀಗವಿಲ್ಲ, ಸಿಕ್ಕಿತು ಚಾವಿ, ದೇವರಿಗೆ ಸ್ತೋತ್ರ, ಅಪ್ಪನ ಮಗ, ಆವತ್ತಿನಿಂದ ಮನೆಯಲ್ಲಿ ಅದೇ ದನಿ, ಬ್ರೆಡ್ ಅಂಗಡಿಯಲ್ಲಿ ಅದೇ ದನಿ, ಪ್ರಿಯ ಸಹೋದರನೇ, ಒಂದು ಬನ್ನು ದಯಪಾಲಿಸಬೇಕು, ಅಂಗಡಿಯವನು ಬನ್ನಿನ ಜೊತೆ ನಮಸ್ಕಾರವನ್ನೂ ಕೊಟ್ಟನಂತೆ, ನಾನು ಅದನ್ನು ಶುಕ್ರವಾರದ ಕೋಣೆಯಲ್ಲಿ ಹೇಳಿ ನಗಿಸಿದೆ. ಇವಳು ನಗಲಿಲ್ಲ. ಒಂದು ಸಂಜೆ ಕನ್ನಡಕ ಒರೆಸುತ್ತ, ರೀ, ಈ ಮನೇಲಿ ಪಾಸ್ಟರ್ ಇದ್ದಾರೆ, ನನ್ನ ಮಗ ಎಲ್ಲಿ? ಒಳಗಿದ್ದಾನಲ್ಲ, ಅಂದೆ. ಒಳಗಿರೋರು ಪಾಸ್ಟರು, ಮಗನ ದನಿ ಕೇಳಿ ಎಷ್ಟು ದಿನ ಆಯ್ತು ಹೇಳಿ, ಆ ತಡವರಿಸೋ ಅಮ್ಮ, ಅದು ಬೇಕು ನನಗೆ, ಆ ಅಮ್‌ಮ್‌ಮ್‌ಮ ಅಂತ ಕರೀತಾನಲ್ಲ, ಅಷ್ಟು ಹೊತ್ತೂ ಅವನು ನನ್ನೇ ನೋಡ್ತಿರ್ತಾನೆ, ಯಾರ ಮಕ್ಕಳು ಅಷ್ಟು ಹೊತ್ತು ತಾಯಿ ಮುಖ ನೋಡ್ತಾರೆ. ಬಾಗಿಲ ಮರೆಯಲ್ಲಿ ಅವನಿದ್ದ, ಪಾಸ್ಟರರ ದನಿಯಲ್ಲೇ ಶುರುಮಾಡಿ, ಅರ್ಧಕ್ಕೆ ಬಿಟ್ಟು, ತನ್ನದರಲ್ಲಿ, ಅಪ್‌ಪ್‌ಪನಿಗೆ ಆ ದನೀನೇ ಇಷ್ಟ ಅಲ್ವಾ ಎಂದ. ಅಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದ.

ಮೂರನೆಯದು. ತುಟಿ ಕೂಡಿತು. ಇದು ದೊಡ್ಡದು, ನನಗೆ ಗೊತ್ತು, ಗದ್ದ ನಡುಗಿದರೆ ದೊಡ್ಡದು, ಬೆಳ್ಳಗಾದ ತುಟಿ, ಕತ್ತಿನ ನರ, ಮೈಕಿನಲ್ಲಿ ಬರೀ ಮೂಗಿನ ಉಸಿರು ಇಡೀ ಚರ್ಚಿಗೆ ಗಾಳಿಯಂತೆ ಕೇಳುತ್ತಿದೆ, ಯಾರೋ ಕೆಮ್ಮಿದರು, ಅವನ ಹಿಂದೆ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಪಾಸ್ಟರರೇ ನಿಂತಿದ್ದಾರೆ, ಆ ದನಿ ಅವನಲ್ಲಿದೆ, ಮೂಗೆಳೆದರೆ ಸಾಕು, ತೆರೆದುಕೊಳ್ಳುತ್ತದೆ, ಒಲವು ಎಂದರೂ ಸಾಕು, ಎರಡು ಬಾಗಿಲನ್ನೂ ನಾನೇ ತೆರೆದಿಟ್ಟಿದ್ದೇನೆ, ಎರಡರಲ್ಲೂ ಹೋಗಬೇಡ ಕಂದ, ಇಲ್ಲ ಹೋಗು, ಹೇಗಾದರೂ ಹೊರಗೆ ಬಾ, ನನ್ನ ತುಟಿ ಕೂಡಿಕೊಂಡಿದೆ, ಪ್ರೀ ಎನ್ನಲು ತಯಾರು, ಇನ್ನೇನು — ಪ್ರೀತಿ, ಮಗು, ಪ್ರೀತಿ, ಎಂದಿತು ಗಟ್ಟಿಯಾದೊಂದು ದನಿ, ನನ್ನದಲ್ಲ, ಗಂಡಿನ ದೊಡ್ಡಮ್ಮನದು, ಬೀರು ಮುಂದಕ್ಕೆ ಬಾಗಿ ಕೈಯಾಡಿಸುತ್ತ, ಪ್ರೀತಿ ಅಂತ ಕಣೋ, ಕರುಣೆಯಿಂದಲೇ, ತುಂಬು ಕರುಣೆಯಿಂದಲೇ, ನೋಡಿದೆ, ನನ್ನನ್ನೇ ನೋಡಿದೆ, ಇಷ್ಟು ವರ್ಷ ಅವನೆದುರು ಕೂತು ಬಾಯಾಡಿಸಿದ ನಾನು ಹೊರಗಿನಿಂದ ಹೀಗೆ ಕಾಣುತ್ತೇನೆ. ಗುಂಡ ತುಟಿ ಬಿಟ್ಟ. ದೊಡ್ಡಮ್ಮನ ಕಡೆ ನೋಡಿದ, ಸಿಟ್ಟಿಲ್ಲ, ನಾಚಿಕೆಯಿಲ್ಲ, ಬಾಗಿಲು ತಟ್ಟುವವರಿಗೆ ಒಳಗಿನಿಂದ ಹೇಳುವಂತೆ, ಮೈಕಿನಲ್ಲಿ, ಬ್‌ಬ್‌ಬರ್ತಾ ಇದೆ ಆಂಟಿ, ನಿಲ್ಲಿ. ಮದುಮಗಳು ಮೊದಲು ನಕ್ಕಳು, ವೆಲ್ಡರ್ ನಕ್ಕ, ನಗು ಸಾಲಿನಿಂದ ಸಾಲಿಗೆ ಹಿಂದಕ್ಕೆ ಹೋಯಿತು, ಅವನನ್ನು ನೋಡಿ ನಕ್ಕದ್ದಲ್ಲ, ಅವನ ಜೊತೆ, ನನಗೆ ಗೊತ್ತು ವ್ಯತ್ಯಾಸ, ನಗಿಸುವುದು ನನ್ನ ಕಸುಬು, ಯಾರ ದನಿಯನ್ನೂ ಕದಿಯದೆ ನಾನು ಇಷ್ಟು ಜನರನ್ನು ಒಮ್ಮೆಯೂ ನಗಿಸಿಲ್ಲ, ದೊಡ್ಡಮ್ಮ, ಆಯ್ತಪ್ಪ ನಿಧಾನಕ್ಕೆ ಬರಲಿ ಎಂದು ಹಿಂದಕ್ಕೊರಗಿದರು, ಸಂದಿ ಅಗಲವಾಯಿತು, ಪೂರ್ತಿ ಕಂಡ ನನ್ನ ಮಗ, ಮತ್ತೆ ತುಟಿ ಕೂಡಿಸಿದ, ಅವನೇ, ಬೇಕೆಂದೇ, ಅದೇ ಪದಕ್ಕೆ ವಾಪಸು ಹೋಗಿ, ಬಂತು, ಬಂದೇ ಬಂತು, ಪ್ರೀತಿ, ನಾನು ಬೆಂಚಿನ ಮೇಲೆ ಇಷ್ಟೆತ್ತರ ಎದ್ದಿರಬೇಕು, ಪೇಪರ್‌ವೇಟು ನನ್ನ ಮೊಣಕಾಲಲ್ಲಿಲ್ಲ, ಇವಳ ಬೆರಳುಗಳು ನನ್ನ ಬೆರಳುಗಳ ನಡುವೆ, ಹಿಂಡುತ್ತಿವೆ, ನೋಯುತ್ತಿದೆ, ನೋಯಲಿ, ಕರ್ತನೇ, ನಿನಗೆ ಅರ್ಜೆಂಟಿರಲಿಲ್ಲ, ಅರ್ಜೆಂಟಿದ್ದದ್ದು ನನಗೆ, ಅವನು ವಾಸಿಯಾಗಲಿ ಎಂದು ಬೇಡಿದೆ, ನೀನು ಅವನನ್ನು ದೊಡ್ಡವನನ್ನಾಗಿ ಮಾಡಿದೆ, ಲೆಕ್ಕದಲ್ಲಿ ನೀನು ಎಡವಲಿಲ್ಲ, ಓದುತ್ತಿದ್ದಾನೆ, ಎಲ್ಲ ಸಾಲುಗಳನ್ನೂ, ಒಂದನ್ನೂ ಹಾರಿಸದೆ, ತಡೆದಲ್ಲಿ ತಡೆದು, ಓಡಿದಲ್ಲಿ ಓಡಿ, ಕೊನೆಯ ಸಾಲಿಗೆ ಬಂದ, ಅಲ್ಲೂ ಅದೇ ಪದ, ಬೆರಳು ಅದರ ಕೆಳಗೆ ನಿಂತಿತು, ಉಸಿರು ತೆಗೆದುಕೊಂಡ, ತುಟಿ ಕೂಡಿತು, ಯಾರೂ ಕೆಮ್ಮುತ್ತಿಲ್ಲ, ನೋಡು, ಹಾಡುವವರ ಸಾಲಿನಲ್ಲಿ ತುಟಿ ಕೂಡಿದೆ, ಮದುಮಗಳ ಬಣ್ಣ ಹಚ್ಚಿದ ತುಟಿ ಕೂಡಿದೆ, ವೆಲ್ಡರನ ಮೀಸೆಯ ಕೆಳಗಿನ ತುಟಿ, ಎಂದೂ ಬಾಯಿ ಮುಚ್ಚದ ಪಾಸ್ಟರರ ತುಟಿ, ಪಕ್ಕಕ್ಕೆ ತಿರುಗಿದ ದೊಡ್ಡಮ್ಮನ ತುಟಿ, ಯಾರೂ ಅವನಿಗೆ ಹೇಳಿಕೊಡುತ್ತಿಲ್ಲ, ಅವನೇ ನಮ್ಮನ್ನೆಲ್ಲ ಆ ಅಕ್ಷರದ ಬಾಗಿಲಿಗೆ ಕರೆತಂದು ನಿಲ್ಲಿಸಿದ್ದಾನೆ, ಇವಳ ತುಟಿ, ನನ್ನ ತುಟಿ, ಅವನದು, ಬೆಳ್ಳಗೆ, ಬಿಗಿಯಾಗಿ, ಹಿಂದೆ ತುಂಬಿಕೊಂಡ ಉಸಿರು, ಕೂಡಿದ ತುಟಿ, ಕೂಡಿದ ತುಟಿ —